ಜೋಗುಪಾಳ್ಯದ ಸೋಮವಾರಗಳು

ಬೆಂಗಳೂರಿಗೆ ಬಂದ ಮೊದಲ ವಾರ ಹಲಸೂರು ಮಾರ್ಕೆಟ್ಟಿನ ದಿನಸಿ ಅಂಗಡಿಯೊಂದರ ಮುಂದೆ ನಿಂತು ಜೋಳ ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾರಿವಾಳ ಎಷ್ಟು ಜೋಡಿ ಇದೆಯಮ್ಮಾ?" ಎಂದರು. ನನಗೆ ಪ್ರಶ್ನೆಯೇ ತಿಳಿಯಲಿಲ್ಲ. "ತಿನ್ನಾಕ ಬೇಕ್ರಿ," ಎಂದೆ. "ಹೌದಮ್ಮಾ, ತಿನ್ನೋಕೇ. ಎಷ್ಟು ಜೋಡಿ ಸಾಕಿದ್ದೀರಾ ಅಂತ ಕೇಳಿದ್ದು. ನಮ್ಮಲ್ಲಿ ಇಲ್ಲ. ಶಿವಾಜಿನಗರದಲ್ಲಿ ಹಕ್ಕಿ ಕಾಳು ಮಾರ್ತಾರಲ್ಲ, ಅಲ್ಲಿ ಸಿಗತ್ತೆ." ಪಕ್ಕದಲ್ಲಿ ನಿಂತಿದ್ದ ಹೆಂಗಸು ನಕ್ಕಳು. ನಾನು ಒಂದಿಷ್ಟು ಅಕ್ಕಿ ಕಟ್ಟಿಸಿಕೊಂಡು ರೂಮಿಗೆ ಬಂದು ಅತ್ತೆ. ಹುಟ್ಟಿದಾಗಿನಿಂದ ನಾನು ಉಂಡದ್ದು ಈ ಊರಿನಲ್ಲಿ ಹಕ್ಕಿಗೆ ಹಾಕುವ ಕಾಳು ಎಂದು ತಿಳಿದಾಗ ಸಿಟ್ಟು ಬಂತೋ ಅವಮಾನವಾಯಿತೋ ಈಗ ಹೇಳಲಾರೆ. ಅತ್ತದ್ದಂತೂ ಖರೆ.

ಊರಿನಿಂದ ಈಗ ಯಾರಾದರೂ ಮಕ್ಕಳನ್ನು ಇಲ್ಲಿಗೆ ಓದಲು ಕಳಿಸುವಾಗ ನನಗೊಂದು ಫೋನು ಮಾಡುತ್ತಾರೆ. ರೂಮು ಎಲ್ಲಿ ಸಿಗುತ್ತದೆ, ಕಾಲೇಜಿಗೆ ಬಸ್ಸು ಯಾವುದು, ಹುಡುಗಿಯರಿಗೆ ಆ ಕಡೆ ಹೆದರಿಕೆ ಇಲ್ಲವಷ್ಟೇ, ಎಲ್ಲ ಕೇಳುತ್ತಾರೆ. ಊಟಕ್ಕೆ ಏನು ಮಾಡಬೇಕು ಎಂದು ಕೇಳುವವರು ಕಡಿಮೆ. ಊಟ ಹೇಗೋ ಆಗುತ್ತದೆ ಎಂದುಕೊಂಡಿರುತ್ತಾರೆ. ಹೇಗೋ ಆಗುವುದಿಲ್ಲ. ಅದನ್ನು ಹೇಳಲಿಕ್ಕೆಂದೇ ಹೊರಮಾವಿನ ಈ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ಇಳಕಲ್ಲಿನ ಕಡೆಯವಳು. ಅಪ್ಪ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದ, ಅವ್ವ ನೂಲು ಸುತ್ತುತ್ತಿದ್ದಳು. ತೊಂಬತ್ತರ ದಶಕದ ನಡುವಿನಲ್ಲಿ ಕಂಟೋನ್ಮೆಂಟಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಕೆ.ಆರ್. ಪುರದಲ್ಲಿ ರೈಲ್ವೆ ಕೆಲಸದಲ್ಲಿದ್ದ ಸೋದರಮಾವನ ಮನೆಯಲ್ಲಿ ಇರಬಹುದು ಎಂಬ ಧೈರ್ಯದ ಮೇಲೆ ಕಳಿಸಿದ್ದರು. ನಾವು ಫೀಸು ಕಟ್ಟಿ ಬಂದ ಮೇಲೆ ಮಾವನಿಗೆ ಆಂಧ್ರದ ಕಡೆ ವರ್ಗವಾಯಿತು. ಹಾಸ್ಟೆಲಿನಲ್ಲಿ ಸೀಟು ಮುಗಿದಿತ್ತು. ಮಾವನೇ ಓಡಾಡಿ ಜೋಗುಪಾಳ್ಯದ ವಠಾರವೊಂದರಲ್ಲಿ ರೂಮು ಹುಡುಕಿ, ಟ್ರಂಕು ಇಳಿಸಿ, ತಲೆ ಸವರಿ ಹೋದ.

ವಠಾರದ ಒಡತಿ ವಳ್ಳಿಯಮ್ಮ. ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಗಂಡ ಇಲ್ಲ, ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಬ್ಬಳೇ ಮಗಳು ಗೀತಾ, ಮದುವೆಯಾಗಿ ಕೆ.ಆರ್. ಪುರದಲ್ಲಿದ್ದಳು. ಎಲ್ಲರಂತೆ ನಾನೂ ವಳ್ಳಿಯಮ್ಮನವರನ್ನು ಆಂಟಿ ಎನ್ನುತ್ತಿದ್ದೆ. ನಮ್ಮ ಕಡೆ ಗುರುತಿಲ್ಲದ ಹೆಂಗಸಿಗೂ ಅಕ್ಕಾ, ಚಿಗವ್ವಾ ಎಂದು ಒಂದು ಸಂಬಂಧ ಹಚ್ಚುತ್ತೇವೆ. ಇಲ್ಲಿ ಎಲ್ಲರಿಗೂ ಒಂದೇ ಶಬ್ದ, ಆಂಟಿ. ಅದರಲ್ಲಿ ಸಂಬಂಧವೂ ಇಲ್ಲ, ಜಗಳವೂ ಇಲ್ಲ.

ರೂಮಿನಲ್ಲಿ ನನ್ನ ಜೊತೆಗಿದ್ದವಳು ಮುಳಬಾಗಿಲು ಕಡೆಯ ಜಯಂತಿ. ನಮ್ಮಿಬ್ಬರದು ಒಂದೇ ಪಂಪ್ ಸ್ಟವ್. ಅವಳ ಊರಿನಿಂದ ರಾಗಿ ಬರುತ್ತಿತ್ತು, ಅಕ್ಕಿ ತರಕಾರಿ ನನ್ನ ಪಾಲಿಗೆ. ಮೊದಲ ದಿನ ಅವಳ ಮುದ್ದೆಯನ್ನು ನಾನು ಕಚಕಚ ಅಗಿದು, ಹಲ್ಲಿಗೆ ಮೆತ್ತಿಕೊಂಡು ಒದ್ದಾಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಗೀಬಾರದು ಕಣೇ, ನುಂಗ್ಬೇಕು." ನಮ್ಮ ರೊಟ್ಟಿಗೆ ಹಲ್ಲು ಬೇಕು, ಅವರ ಮುದ್ದೆಗೆ ಗಂಟಲು ಬೇಕು. ಒಂದೇ ರಾಜ್ಯದ ಇಬ್ಬರು ಹುಡುಗಿಯರು ತಟ್ಟೆಯ ಮುಂದೆ ಇಷ್ಟು ಬೇರೆಯಾಗಿರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಹೋಟೆಲು ಇನ್ನೂ ವಿಚಿತ್ರ. ಇಲ್ಲಿ ದರ್ಶಿನಿ ಎಂಬ ಹೋಟೆಲುಗಳಿವೆ. ಕುರ್ಚಿ ಇರುವುದಿಲ್ಲ, ನಿಂತೇ ತಿನ್ನಬೇಕು. ನಮ್ಮಲ್ಲಿ ನಿಂತು ಉಣ್ಣುವವರನ್ನು ಅವ್ವ ಬೈಯುತ್ತಿದ್ದಳು, "ಎತ್ತೇನ ನೀನು?" ಎಂದು. ಇಲ್ಲಿ ಟೈ ಕಟ್ಟಿದ ಗಂಡಸರು ಸಾಲಾಗಿ ನಿಂತು ಇಡ್ಲಿ ನುಂಗುತ್ತಿದ್ದರು. ನಾನೂ ಕಲಿತೆ. ಮಾರ್ಕೆಟ್ಟಿನಲ್ಲಿ ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋದರೆ ಸೊಪ್ಪು ಅಗ್ಗ ಎಂದು ಕಲಿತೆ. ಸೊಪ್ಪಿಗೆ ಅಲ್ಲಿಯವರು ಕೀರೆ ಎನ್ನುತ್ತಾರೆ. ನಮ್ಮ ಪುಂಡಿ ಪಲ್ಯ ಅಲ್ಲಿ ಪುಳಿಚ್ಚ ಕೀರೆ ಎಂಬ ಹೆಸರಿನಲ್ಲಿ ಒದ್ದೆ ಗೋಣಿಯ ಮೇಲೆ ಕೂತಿರುವುದನ್ನು ಕಂಡಾಗ ಊರಿನವರೇ ಸಿಕ್ಕಷ್ಟು ಖುಷಿಯಾಯಿತು. ಒಡೆದ ಅಕ್ಕಿಯ ಅನ್ನ, ಸೊಪ್ಪಿನ ಸಾರು, ಅವ್ವ ಕೊಟ್ಟ ಶೇಂಗಾ ಹಿಂಡಿ ಇದ್ದರೆ ರಾಜನ ಊಟ. ಆದರೆ ಅದೆಲ್ಲ ಅಪ್ಪನ ಮನಿಯಾರ್ಡರು ಬಂದ ವಾರದ ಮಾತು. ಸೀರೆ ಹೋದರೆ ಅಪ್ಪ ಹಣ ಕಳಿಸುತ್ತಿದ್ದ. ಸೀರೆ ಯಾವಾಗ ಹೋಗುತ್ತದೆ ಎಂದು ಅವನಿಗೂ ಗೊತ್ತಿರುತ್ತಿರಲಿಲ್ಲ.

ಹೀಗೆ ಹಣ ಬಾರದ ಒಂದು ದಿನ ಜಯಂತಿ ಮುದ್ದೆ ಕಟ್ಟಿ ನನ್ನನ್ನು ಕರೆದಳು. ನನ್ನ ಪಾಲಿನ ಅಕ್ಕಿ ಮುಗಿದು ಎರಡು ದಿನವಾಗಿತ್ತು, ತರಕಾರಿಯೂ ತಂದಿರಲಿಲ್ಲ. ನನ್ನ ಪಾಲು ಹಾಕದೆ ಅವಳ ರಾಗಿಗೆ ಕೈ ಹಾಕಲು ಮನಸ್ಸು ಬರಲಿಲ್ಲ.

"ಯಾಕೇ, ತಟ್ಟೆ ತಗೊಳ್ಳಲಿಲ್ಲ?" ಎಂದಳು.

"ಇವತ್ತ ಸೋಮವಾರ," ಎಂದೆ.

ಸುಳ್ಳೇನಲ್ಲ, ಸೋಮವಾರವೇ ಆಗಿತ್ತು. "ಓ, ಉಪವಾಸಾನಾ?" ಎಂದು ಅವಳೇ ಅರ್ಥ ಮಾಡಿಕೊಂಡು, ಪಾತ್ರೆಯ ಮುಚ್ಚಳ ಮುಚ್ಚಿ, ತನ್ನ ತಟ್ಟೆ ಹಿಡಿದು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಳು. ಉಪವಾಸ ಇರುವವರ ಎದುರು ಉಣ್ಣಬಾರದು ಎಂದು ಅವಳ ಮನೆಯಲ್ಲಿ ಕಲಿಸಿದ್ದರು. ನಾನು ಒಳಗೆ ಕೂತು ಅವಳು ಸಾರು ಸುರ್ರನೆ ಹೀರುವ ಸದ್ದು ಕೇಳಿದೆ.

ನಮ್ಮೂರಲ್ಲಿ ಉಪವಾಸವೆಂದರೆ ಏನು ಎಂದು ಊರಿನ ಓದುಗರಿಗೆ ಗೊತ್ತು. ಸಾಬೂದಾಣಿ ಖಿಚಡಿ, ಶೇಂಗಾದ ಉಂಡಿ, ಬೆಲ್ಲ ಹಾಕಿದ ಅವಲಕ್ಕಿ, ಮೇಲೆ ಒಂದು ಲೋಟ ಹಾಲು. ಚಿಕ್ಕವರಿದ್ದಾಗ ನಾವು ಉಪವಾಸ ಮಾಡಲು ಜಗಳವಾಡುತ್ತಿದ್ದೆವು. ಇಲ್ಲಿ ನನ್ನ ಉಪವಾಸಕ್ಕೆ ಫಳಾರವಿರಲಿಲ್ಲ, ನಲ್ಲಿ ನೀರಿತ್ತು.

ಸುದ್ದಿ ವಳ್ಳಿಯಮ್ಮನವರಿಗೆ ಮುಟ್ಟಿತು. ಸೋಮವಾರ ಅವರು ತಪ್ಪದೆ ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗುವವರು. ಮುಂದಿನ ವಾರ ಬರುವಾಗ ನನ್ನ ಬಾಗಿಲಿಗೆ ನಿಂತು ಒಂದು ಬಾಳೆಹಣ್ಣು, ಸ್ಟೀಲ್ ಲೋಟದಲ್ಲಿ ಹಾಲು ಕೊಟ್ಟರು. "ಈ ಕಾಲದಲ್ಲಿ ಯಾರು ಕಣ್ಣು ಇಷ್ಟು ನೇಮ ಇಟ್ಕೊತಾರೆ?" ಎಂದರು. ತಮಿಳರು ಮುದ್ದಿಗೆ ಕಣ್ಣು ಎಂದು ಕರೆಯುತ್ತಾರೆ. ಆ ಹಾಲು ಹಣ್ಣಿಗಾಗಿ ನಾನು ಸೋಮವಾರಕ್ಕೆ ಕಾಯತೊಡಗಿದೆ ಎಂದರೆ ನಗಬೇಡಿ. ಕೈ ಬಿಗಿಯಾದ ವಾರಗಳಲ್ಲಿ ಗುರುವಾರಕ್ಕೊಬ್ಬ ದೇವರು ಸಿಕ್ಕ, ಶನಿವಾರಕ್ಕೂ ಒಬ್ಬ ಸಿಕ್ಕ. ಕಾಲೇಜಿನಲ್ಲಿಯೂ ಹೆಸರಾಯಿತು. ಮಧ್ಯಾಹ್ನ ಗೆಳತಿಯರು ಟಿಫಿನ್ ಡಬ್ಬಿಗೆ ಕೈ ಅಡ್ಡ ಹಿಡಿದು, "ಸಾರಿ ಕಣೇ, ನೀನು ಆ ಕಡೆ ತಿರುಗ್ಕೋ," ಎನ್ನುತ್ತಿದ್ದರು. ಕೊಡದೇ ಇರುವುದೇ ಅವರು ನನಗೆ ತೋರಿಸಿದ ಮರ್ಯಾದೆ. ಒಳ್ಳೆಯ ಹುಡುಗಿಯರು, ಒಬ್ಬಳಾದರೂ ಸ್ವಲ್ಪ ಕೆಟ್ಟವಳಾಗಿ ತುತ್ತು ತುರುಕಬಾರದಿತ್ತೇ ಎಂದು ಎಷ್ಟೋ ಸಲ ಅನಿಸಿದೆ.

ಮೊದಲ ವರ್ಷ ಮುಗಿಸಿ ಬೇಸಿಗೆಗೆ ಊರಿಗೆ ಹೋದಾಗ ಅವ್ವ ನನ್ನ ತೋಳು ಹಿಡಿದು ನೋಡಿದಳು. ಕುಪ್ಪಸದ ತೋಳು ಜೋಲುತ್ತಿತ್ತು. ಅಪ್ಪ ಮಗ್ಗದಿಂದ ಎದ್ದು ಬಂದ. ಗಟ್ಟಿಯಾಗಿ ಮಾತಾಡುವವನಲ್ಲ.

"ದೀಪಾವಳಿಗೆ ಬಂದಾಗ ನಿನ್ನ ಮೈ ಹಿಂಗ ಇದ್ರ ಕಾಲೇಜು ಸಾಕು. ಇಲ್ಲೇ ಇದ್ದು ಹೊಟ್ಟಿ ತುಂಬ ಉಣ್ಣು. ಜಡ್ಡಿಗೆ ಬಿದ್ದಿ ಅಂದ್ರ ನಿನ್ನ ನೋಡಾಕ ಆ ಊರಿಗೆ ಬರೂದು ನನ್ನ ಕೈಲೆ ಆಗಂಗಿಲ್ಲ," ಎಂದ.

ಸಿಟ್ಟಿನಿಂದ ಹೇಳಿದ್ದರೆ ಜಗಳ ಮಾಡಬಹುದಿತ್ತು. ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಆದರೆ ನನಗೆ ಕಾಲೇಜು ಬೇಕಿತ್ತು. ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮೊದಲ ಸಲ ನೋಡಿದ ದಿನದಿಂದ ಇದನ್ನು ಬಿಟ್ಟು ನಾನು ಬೇರೇನೂ ಮಾಡಲಾರೆ ಎನಿಸಿತ್ತು. ಹೀಗಾಗಿ ಎರಡನೆಯ ವರ್ಷಕ್ಕೆ ಬಸ್ಸು ಹತ್ತುವಾಗ ನನ್ನ ಮುಂದಿದ್ದದ್ದು ಒಂದೇ ಕೆಲಸ. ದೀಪಾವಳಿಯ ಒಳಗೆ ಮೈ ತುಂಬಿಕೊಳ್ಳಬೇಕು, ಇದ್ದ ಹಣದಲ್ಲೇ.

ದಾರಿ ತೋರಿಸಿದವಳು ನನ್ನ ಕ್ಲಾಸಿನ ಶಾಹೀನ್. ಅವಳ ಮನೆ ಶಿವಾಜಿನಗರದಲ್ಲಿ, ತಂದೆಯದು ಬಳೆ ಅಂಗಡಿ. ಜೋಳ ಕೇಳಿದ್ದಕ್ಕೆ ಪಾರಿವಾಳ ಎಷ್ಟು ಎಂದರು ಎಂಬ ನನ್ನ ಹಳೆಯ ಕತೆ ಕೇಳಿ ಅವಳು ನಗಲಿಲ್ಲ. "ನಮ್ ನಾನಾ ಟೆರೇಸ್ ಮೇಲೆ ಕಬೂತರ್ ಸಾಕಿದ್ದಾರೆ. ಅದಕ್ಕೆ ಜೋಳಾನೇ ಹಾಕೋದು. ಬಾ, ತೋರಿಸ್ತೀನಿ," ಎಂದಳು. ನಾನಾ ಎಂದರೆ ತಾಯಿಯ ತಂದೆ.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಆ ಅಂಗಡಿ. ಸಜ್ಜೆ, ನವಣೆ, ಜೋಳ, ಎಲ್ಲ ತೆರೆದ ಚೀಲಗಳಲ್ಲಿ. ಮೇಲೆ ಪಂಜರದಲ್ಲಿ ಗಿಣಿಗಳು ಕಿರುಚುತ್ತಿದ್ದವು. ನಾನು ಬಗ್ಗಿ ಬೊಗಸೆಯಲ್ಲಿ ಜೋಳ ಎತ್ತಿ ಮೂಸಿದೆ. ನಮ್ಮ ಬಿಳಿಜೋಳದಷ್ಟು ದುಂಡಗಿರಲಿಲ್ಲ, ಕಲ್ಲೂ ಇತ್ತು. ಆದರೂ ಜೋಳವೇ. ಗಡ್ಡದ ಮುದುಕರು ಶಾಹೀನಳನ್ನು ಉರ್ದುವಿನಲ್ಲಿ ಅದೇ ಪ್ರಶ್ನೆ ಕೇಳಿದರು, ಎಷ್ಟು ಜೋಡಿ ಎಂದು.

"ಏಕಿಚ್ ಹೈ ಚಾಚಾ, ಬಹುತ್ ಖಾತಾ," ಎಂದಳು ಶಾಹೀನ್ ನನ್ನ ಕಡೆ ನೋಡದೆ. ಒಂದೇ ಇದೆ, ತುಂಬ ತಿನ್ನುತ್ತೆ ಎಂದು. ಹೊರಗೆ ಬಂದ ಮೇಲೆ ಇಬ್ಬರೂ ಗೋಡೆ ಹಿಡಿದು ನಕ್ಕೆವು.

ಅಕ್ಕಿಗಿಂತ ಅದು ಎಷ್ಟೋ ಅಗ್ಗ. ಜೋಗುಪಾಳ್ಯದ ಮಿಲ್ಲಿನವರು, "ರಾಗಿ ಆದ್ಮೇಲೆ ಬೀಸಿಕೊಡ್ತೀನಿ, ಹಿಟ್ಟು ಕಪ್ಪಗಾದ್ರೆ ನನ್ನ ಕೇಳ್ಬೇಡಿ," ಎಂದರು. ಸ್ವಲ್ಪ ಕಪ್ಪಗೇ ಆಯಿತು. ಹಲಗೆಯ ಮೇಲೆ ರೊಟ್ಟಿ ಬಡಿದು, ಪುಂಡಿ ಪಲ್ಯ ಮಾಡಿ, ಜಯಂತಿಗೂ ಹಾಕಿದೆ. ಅವಳು ಅಗಿದು ಅಗಿದು, "ದವಡೆ ನೋಯತ್ತೆ ಕಣೇ," ಎಂದಳು. ಮುದ್ದೆಯ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಆ ರೂಮಿನಲ್ಲಿ ಮೊದಲ ಸಲ ನಾನು ಹೊಟ್ಟೆ ಭಾರವಾಗಿ ಮಲಗಿದೆ. ಇನ್ನು ಈ ಉಪವಾಸಗಳನ್ನು ಬಿಡಬೇಕು, ಒಂದು ಸೋಮವಾರ ಕಾಯಿ ಒಡೆಸಿ ವ್ರತ ಮುಗಿಯಿತು ಎಂದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೆ.

ಆ ಸೋಮವಾರ ಬರುವ ಮೊದಲೇ ವಳ್ಳಿಯಮ್ಮ ನಮ್ಮ ರೂಮಿಗೆ ಬಂದು ಟ್ರಂಕಿನ ಮೇಲೆ ಕೂತರು.

"ಸುವರ್ಣಾ, ಒಂದು ಕೇಳ್ತೀನಿ ಕಣ್ಣು, ಇಲ್ಲ ಅನ್ಬಾರ್ದು. ಗೀತಾಗೆ ನಾಲ್ಕು ತಿಂಗಳು. ಇದು ಮೂರನೇದು. ಎರಡು ಕೈಗೆ ಬರ್ಲಿಲ್ಲ." ನನ್ನ ಕೈ ಹಿಡಿದುಕೊಂಡರು. "ನಾನು ಉಪವಾಸ ಇರೋಣ ಅಂದ್ರೆ ಶುಗರ್ ಇದೆ, ಡಾಕ್ಟರು ಬೈತಾರೆ. ನೀನು ಹೆಂಗಿದ್ರೂ ಮಾಡ್ತೀಯ. ಸೋಮವಾರ, ಗುರುವಾರ, ಶನಿವಾರ, ಮೂರೂ ದಿನ ಅವಳ ಹೆಸರಲ್ಲಿ ಇರ್ತೀಯಾ? ಹೆರಿಗೆ ಆಗೋವರ್ಗೂ. ನಿನ್ನಂಥೋಳ ಬಾಯಿಂದ ಕೇಳಿದ್ರೆ ದೇವರು ಕೇಳ್ತಾನೆ."

ನನಗೆ ಆಗುವುದಿಲ್ಲ ಎನ್ನಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು. ಅವರ ಕೈ ನನ್ನ ಕೈಯ ಮೇಲಿತ್ತು, ಬೆವರಿತ್ತು. ಹೂಂ ಎಂದೆ.

ಅಲ್ಲಿಯವರೆಗೆ ಹಸಿವು ಇತ್ತು, ಉಪವಾಸ ಇರಲಿಲ್ಲ. ಈಗ ಡಬ್ಬಿಯಲ್ಲಿ ಹಿಟ್ಟು ಇತ್ತು, ಉಣ್ಣುವಂತಿರಲಿಲ್ಲ. ನಾನು ಅಂಥ ದೊಡ್ಡ ಭಕ್ತಳೇನಲ್ಲ. ಒಂದು ಗುರುವಾರ ಹಲಸೂರು ಕೆರೆಯ ಹತ್ತಿರದ ಬೇಕರಿಯಲ್ಲಿ ಯಾರೂ ಗುರುತಿನವರಿಲ್ಲ ಎಂದು ನೋಡಿಕೊಂಡು ಬನ್ನು ಕೊಂಡೆ. ಬಾಯಿಯವರೆಗೆ ತಂದೆ. ನಾನು ಕಂಡೇ ಇರದ ಗೀತಾಳ ಹೊಟ್ಟೆ ಕಣ್ಣಿಗೆ ಬಂತು. ವಿಜ್ಞಾನ ಓದುವ ಹುಡುಗಿ ನೀನು ಎಂದು ನನಗೆ ನಾನೇ ಹೇಳಿಕೊಂಡೆ. ಬನ್ನನ್ನು ಕಾಗದದಲ್ಲಿ ಸುತ್ತಿ ತಂದು ಜಯಂತಿಗೆ ಕೊಟ್ಟೆ. ಉಳಿದ ದಿನಗಳಲ್ಲಿ ಎಷ್ಟು ರೊಟ್ಟಿ ತಿಂದರೂ ಈ ಮೂರು ದಿನ ಅದನ್ನು ಹೀರಿಕೊಳ್ಳುತ್ತಿದ್ದವು. ಲ್ಯಾಬಿನಲ್ಲಿ ಎರಡು ಸಲ ತಲೆ ಸುತ್ತಿ ಕೂತೆ. ಕಾಲೇಜಿನ ನರ್ಸಮ್ಮ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ ರಕ್ತ ಇಲ್ಲವೆಂದರು. ದೀಪಾವಳಿ ಹತ್ತಿರ ಬರುತ್ತಿತ್ತು, ಕುಪ್ಪಸದ ತೋಳು ಮತ್ತೆ ಸಡಿಲವಾಗುತ್ತಿತ್ತು. ನನಗೆ ಭಯವಾಗುತ್ತಿತ್ತು. ಯಾರಿಗೂ ಹೇಳುವ ಹಾಗಿರಲಿಲ್ಲ.

ಏಳನೆಯ ತಿಂಗಳಿಗೆ ಗೀತಾ ತವರಿಗೆ ಬಂದಳು. ವಳೈಕಾಪ್ಪು ಮಾಡಿದರು, ನಮ್ಮ ಕಡೆಯ ಕುಬಸದ ಹಾಗೆ. ಬಸುರಿಯ ಎರಡೂ ಕೈಗೆ ತುಂಬ ಬಳೆ ತೊಡಿಸುತ್ತಾರೆ. ಗೀತಾ ನಗುಮುಖದ, ಬಾಯಿ ಜೋರಿನ ಹುಡುಗಿ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ನಾನು ಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಅವಳಿಗೆ ಗೋಡೆಯ ಆಚೆಯಿಂದ ಕೇಳಿಸುತ್ತಿತ್ತಂತೆ. ಒಂದು ಸೋಮವಾರ ನನ್ನನ್ನು ಕೂಗಿ ಕರೆದಳು.

"ದಿನಾ ಟಪ್ ಟಪ್ ಅಂತ ಅದೇನು ಮಾಡ್ತೀಯ? ನಂಗೆ ಅದು ಬೇಕು."

"ನಾಳೆ ಮಾಡಿಸ್ತೀನಿ ಇರು," ಎಂದರು ವಳ್ಳಿಯಮ್ಮ.

"ನಾಳೆ ಬೇಡ. ಈಗ ಬೇಕು ನಂಗೆ."

ಬಸುರಿ ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲ ಎನ್ನಬಾರದು. ಇದರಲ್ಲಿ ಇಳಕಲ್ಲಿಗೂ ಹಲಸೂರಿಗೂ ಭೇದವಿಲ್ಲ. ಅವರ ಅಡುಗೆಮನೆಯಲ್ಲೇ ಕೂತು ಹಿಟ್ಟು ನಾದಿ ರೊಟ್ಟಿ ಮಾಡಿದೆ. ಅವರ ಗ್ಯಾಸಿನ ಒಲೆಯ ಮೇಲೆ ರೊಟ್ಟಿ ಚೆಂದ ಉಬ್ಬಿತು. ಬೆಣ್ಣೆ ಸವರಿ ಕೊಟ್ಟೆ. ಗೀತಾ ಒಂದು ಚೂರು ಮುರಿದು ನನ್ನ ಮುಖ ನೋಡಿದಳು.

"ನೀನೂ ಕೂತ್ಕೋ. ನಾನೊಬ್ಬಳೇ ತಿನ್ನಲ್ಲ."

"ಇವತ್ತ ಸೋಮವಾರ ರೀ," ಎಂದೆ.

"ಗೊತ್ತು. ಅಮ್ಮ ಹೇಳಿದ್ರು, ನನ್ನ ಹೆಸರಲ್ಲಿ ಇದ್ದೀಯಂತೆ. ಕನ್ನಡಿ ನೋಡ್ಕೊಂಡಿದ್ದೀಯಾ? ಕತ್ತಿನ ಮೂಳೆ ಕಾಣ್ತಿದೆ. ನೀನು ಹಸ್ಕೊಂಡು ನನ್ನ ಎದುರಿಗೆ ಕೂತಿದ್ರೆ ನಂಗೆ ಹೇಗೆ ಇಳಿಯತ್ತೆ?" ಅವಳು ತಟ್ಟೆ ದೂಡಿ ಕೂತಳು.

ನಾನು ವಳ್ಳಿಯಮ್ಮನವರ ಕಡೆ ನೋಡಿದೆ. ಬಾಗಿಲಲ್ಲಿ ನಿಂತಿದ್ದರು. ಒಂದು ಕಡೆ ಮೂರು ತಿಂಗಳ ನೇಮ, ಇನ್ನೊಂದು ಕಡೆ ಮಗಳ ಬಯಕೆ. ಸೆರಗಿನಿಂದ ಬಾಯಿ ಒರೆಸಿಕೊಂಡು, "ತಿನ್ನು. ಕೇಳ್ತಿದ್ದಾಳಲ್ಲ," ಎಂದರು. ದನಿ ಸಣ್ಣದಾಗಿತ್ತು. ನಾನು ತಿಂದೆ. ಗೀತಾ ಎರಡು ರೊಟ್ಟಿ ತಿಂದಳು, ನನಗೆ ಮೂರು ತಿನ್ನಿಸಿದಳು. ಅಷ್ಟು ರುಚಿಯಾದ ರೊಟ್ಟಿ ನಾನು ಬೆಂಗಳೂರಿನಲ್ಲಿ ತಿಂದಿರಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ತಿಂಗಳು ಮುಗಿಯುವ ಮೊದಲು ಗೀತಾಳಿಗೆ ನೋವು ಬಂತು. ದಿನ ತುಂಬಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗು ಉಳಿಯಲಿಲ್ಲ.

ಗೀತಾ ತಾಯಿಯ ಮನೆಗೆ ಮರಳಲಿಲ್ಲ. ಗಂಡನ ಕಡೆಯವರು ಆಸ್ಪತ್ರೆಯಿಂದಲೇ ಕೆ.ಆರ್. ಪುರಕ್ಕೆ ಕರೆದೊಯ್ದರು. ಬಾಣಂತನಕ್ಕೆಂದು ವಳ್ಳಿಯಮ್ಮ ಬೆಣ್ಣೆ ಕೊಂಡು ಕಾಸಿಟ್ಟ ತುಪ್ಪ, ಬೆಳ್ಳುಳ್ಳಿ, ಕೊಬ್ಬರಿ, ಒಣಶುಂಠಿ, ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿ ಅಲ್ಲಿಗೆ ಕೊಟ್ಟು ಬಂದರು. ಎರಡು ದಿನಕ್ಕೆ ಡಬ್ಬಿಗಳು ಮುಚ್ಚಳ ತೆರೆಯದೆ ವಾಪಸ್ಸು ಬಂದವು. ಸೊಸೆಗೆ ಏನು ಹಾಕಬೇಕೋ ನಮಗೆ ಗೊತ್ತಿದೆ ಎಂದು ಬೀಗಿತ್ತಿ ಹೇಳಿ ಕಳಿಸಿದ್ದಳಂತೆ.

ಆ ಸೋಮವಾರ ನಾನು ಏನು ಮಾಡಬೇಕೆಂದು ತಿಳಿಯದೆ ಒಲೆ ಹೊತ್ತಿಸದೆ ಕೂತಿದ್ದೆ. ವಳ್ಳಿಯಮ್ಮ ಗುಡಿಗೆ ಹೋಗಿರಲಿಲ್ಲ. ಸಂಜೆ ನಾನೇ ಅವರ ಮನೆಗೆ ಹೋದೆ. ದೀಪ ಹಚ್ಚಿರಲಿಲ್ಲ.

"ಆಂಟಿ, ಅವತ್ತ ನಾ ಉಂಡದ್ದಕ್ಕ ಹಿಂಗಾತೇನ್ರಿ?" ಎಂದೆ.

ಇಲ್ಲ ಎಂದುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ನೆಲ ನೋಡುತ್ತಾ, "ನಂಗೊತ್ತಿಲ್ಲ ಕಣ್ಣು," ಎಂದರು.

ಅದನ್ನು ನನಗೆ ತಡೆಯಲಾಗಲಿಲ್ಲ. ನಾನು ಅತ್ತುಕೊಂಡು ಎಲ್ಲ ಹೇಳಿದೆ. ಮೊದಲಿನ ವರ್ಷದ ಉಪವಾಸ ದೇವರದಲ್ಲ, ರೊಕ್ಕ ಇಲ್ಲದ್ದಕ್ಕೆ ಸೋಮವಾರದ ಹೆಸರು ಹೇಳಿದೆ, ಗೀತಾಳ ಹೆಸರಿನಲ್ಲಿ ಇದ್ದದ್ದು ಮಾತ್ರ ಖರೆ ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ.

"ರೊಕ್ಕ ಇಲ್ದೆ ಅಂದ್ರೆ?"

"ಉಣ್ಣಾಕ ಇರಲಿಲ್ಲ ರೀ."

"ನನ್ನ ಮನೇಲಾ?" ಅವರು ಎದ್ದು ನಿಂತರು. "ನಾನು ಗೋಡೆ ಈಚೆ ಮೂರು ಹೊತ್ತು ಬೇಯಿಸ್ಕೊಂಡು ತಿಂತಿದ್ದೆ. ನೀನು ಆಚೆ ಹಸ್ಕೊಂಡಿದ್ದೆ. ನಾನು ಒಂದು ಬಾಳೆಹಣ್ಣು ಕೊಟ್ಟು ದೊಡ್ಡ ಪುಣ್ಯ ಮಾಡ್ದೆ ಅಂದ್ಕೊಂಡಿದ್ದೆ. ಬಾಯಿ ಇರ್ಲಿಲ್ವಾ ನಿಂಗೆ? ಹೋಗು. ನನ್ನ ಕಣ್ಣೆದುರು ನಿಲ್ಬೇಡ, ಹೋಗು."

ರೂಮು ಹೋಯಿತು ಎಂದುಕೊಂಡೆ. ಜಯಂತಿ ಕಲ್ಯಾಣ ನಗರದಲ್ಲಿ ಪರಿಚಯದವರ ಮನೆ ಇದೆ, ಕೇಳೋಣ ಎಂದಳು. ಅವಳಿಗೂ ಎಲ್ಲ ಹೇಳಿದ್ದೆ. ಕೇಳಿ ಅವಳು ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು, ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದಿದ್ದಳು. ನಾನು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಗ ವಳ್ಳಿಯಮ್ಮ ಬಂದು ನನ್ನ ಮುಂದೆ ತಟ್ಟೆ ಇಟ್ಟರು. ಬಿಸಿ ಅನ್ನ, ಬೆಳ್ಳುಳ್ಳಿ ಸಾರು, ಅನ್ನ ಮುಳುಗುವಷ್ಟು ತುಪ್ಪ, ಪಕ್ಕದಲ್ಲಿ ಕೊಬ್ಬರಿಯ ಉಂಡೆ. ಅದು ಬಾಣಂತಿಯ ಊಟ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ತಿನ್ನು," ಎಂದರು. "ಇದನ್ನ ನಾನು ಇನ್ಯಾರಿಗೆ ಹಾಕ್ಲಿ?"

ದಿನಾ ಹಾಕಿದರು, ಜಯಂತಿಗೂ ಹಾಕಿದರು. ಡಬ್ಬಿಗಳು ಬರಿದಾಗುವವರೆಗೆ ಹಾಕಿದರು. ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡುತ್ತಿದ್ದರು; ಒಂದೊಂದು ಸಲ ನನ್ನನ್ನು ನೋಡುತ್ತಿದ್ದಾರೆ ಎನಿಸುತ್ತಿರಲಿಲ್ಲ. ನಾನು ತಟ್ಟೆ ಬರಿದು ಮಾಡುತ್ತಿದ್ದೆ. ಕ್ಷಮಿಸಿದ್ದಾರೋ ಇಲ್ಲವೋ ಕೇಳಲು ಧೈರ್ಯ ಬರಲಿಲ್ಲ, ಅವರಾಗಿ ಹೇಳಲೂ ಇಲ್ಲ. ನನ್ನ ಮೈ ಮಾತ್ರ ಇದಾವುದನ್ನೂ ಕೇಳಲಿಲ್ಲ. ಕೆನ್ನೆ ತುಂಬಿಕೊಂಡಿತು, ಕುಪ್ಪಸ ಬಿಗಿಯಾಯಿತು. ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡಾಗ ನಾಚಿಕೆಯಾಗುತ್ತಿತ್ತು.

ದೀಪಾವಳಿಗೆ ಊರಿಗೆ ಹೋದೆ. ಬಸ್ ಸ್ಟ್ಯಾಂಡಿಗೆ ಬಂದಿದ್ದ ಅಪ್ಪ ನನ್ನನ್ನು ನೋಡಿ, ಚೀಲ ತೆಗೆದುಕೊಂಡು, ದಾರಿಯುದ್ದಕ್ಕೂ ಸೀರೆ ಗಿರಾಕಿಯ ಸುದ್ದಿ ಹೇಳಿದ. ಮನೆ ಹತ್ತಿರ ಬಂದಾಗ, "ಬೆಂಗಳೂರು ಒಗ್ಗಿತು ಬಿಡು ನಿನಗ. ಓದು," ಎಂದ. ಅಷ್ಟೇ. ಅದಕ್ಕಾಗಿ ನಾನು ಏನೆಲ್ಲ ಮಾಡಿದ್ದೆ. ಆ ಮಾತು ಕಿವಿಗೆ ಬಿದ್ದಾಗ ಖುಷಿಯಾಗಬೇಕಿತ್ತು, ಆಗಲಿಲ್ಲ.

ಹಬ್ಬದ ದಿನ ಅವ್ವ ಹೋಳಿಗೆ ಮಾಡುತ್ತಿದ್ದಳು. ನಾನು ಒಲೆಯ ಮುಂದೆ ಕೂತು ಉಣ್ಣುತ್ತಿದ್ದೆ. ಅವಳು ಆಗಾಗ ತಿರುಗಿ ನನ್ನ ತೋಳು ನೋಡಿ ಸಂತೋಷಪಡುತ್ತಿದ್ದಳು. ಹೋದ ಸಲ ಅಷ್ಟು ಇಳಿದು ಬಂದಿದ್ದೆ, ಈಗ ಇಷ್ಟು ಚಲೋ ಆಗಿದ್ದೀ, ಇಷ್ಟು ತುಪ್ಪ ಹಾಕಿ ಅಲ್ಲಿ ಯಾರು ನಿನಗೆ ಮಾಡಿ ಹಾಕುತ್ತಾರೆ ಎಂದು ಕೇಳಿದಳು.

"ಅವ್ವ ಮಾಡಿ ಹಾಕ್ತಾಳ," ಎಂದೆ.

ಹೋಳಿಗೆಯ ಮೇಲೆ ಅವಳ ಕೈ ನಿಂತಿತು. ನಾನು ಏನೆಂದೆ ಎಂಬುದು ನನಗೂ ಆಗಲೇ ಕೇಳಿಸಿದ್ದು. "ಮನಿ ಮಾಲಕ್ರು. ಆಂಟಿ," ಎಂದು ಅವಸರದಿಂದ ತಿದ್ದಿಕೊಂಡೆ. ಅವ್ವ ಹೋಳಿಗೆ ತಿರುವಿದಳು, ಬೆಂದ ಮೇಲೆ ನನ್ನ ತಾಟಿಗೆ ಹಾಕಿದಳು.

"ಅಕಿ ಕೈಯಾಗ ಉಂಡಾಕಿಗೆ ಇನ್ನ ಇದು ಸೇರತೈತೇನ?" ಎಂದಳು.

ತುಪ್ಪದ ಗಿಂಡಿ ಅವಳ ಕೈಯಲ್ಲೇ ಇತ್ತು. ನಾನು ಇನ್ನೊಂದು ಹೋಳಿಗೆ ಹಾಕು ಎಂದೆ. ನನ್ನ ಹೊಟ್ಟೆ ಯಾವಾಗಲೋ ತುಂಬಿತ್ತು. ಅದನ್ನು ತಿಂದು ಮತ್ತೊಂದು ಕೇಳಿದೆ.